ಲೆವೆಲ್ ಮೊದಲಾ, ಬಿಚ್ಚೋದು ಮೊದಲಾ?

"ನಿಮ್ಮತ್ರ ಇರೋ ಲಿಸ್ಟ್ ಸ್ವಲ್ಪ ಕಳಿಸ್ತೀರಾ?" ಹೊಸದಾಗಿ ಟ್ರೇಲರ್ ಕೊಂಡವರೆಲ್ಲ ನನ್ನನ್ನು ಮೊದಲು ಕೇಳುವುದು ಇದನ್ನೇ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡದವರಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿ ಮನೆ, ಕೊಳ್ಳುವವರು ಈಗೀಗ ಜಾಸ್ತಿ ಆಗುತ್ತಿದ್ದಾರೆ. ನಾವು ಅವರಿಗಿಂತ ಸ್ವಲ್ಪ ಮೊದಲು ಕೊಂಡೆವು, ಅಷ್ಟಕ್ಕೇ ನನಗೆ ಮೇಷ್ಟ್ರ ಪಟ್ಟ ಸಿಕ್ಕಿಬಿಟ್ಟಿದೆ. ಕ್ಯಾಂಪಿಗೆ ಹೋದಾಗ ಏನೇನು ಮಾಡಬೇಕು ಅನ್ನುವ ಲಿಸ್ಟ್ ಅದು, ಕಳಿಸುತ್ತೇನೆ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿ ಟ್ರೇಲರಿನ ಬಾಗಿಲ ಹಿಂದೆ ನೇತುಹಾಕುತ್ತಾರೆ. ಆಮೇಲೆ ಮೊದಲನೇ ಕ್ಯಾಂಪಿಂಗ್‌ನಿಂದ ಫೋನ್ ಬರುತ್ತದೆ. "ಲಿಸ್ಟಲ್ಲಿ ಇರೋ ಹಾಗೇ ಮಾಡಿದ್ವಿ, ಆದ್ರೂ..." ಈ "ಆದ್ರೂ" ಬಗ್ಗೆ ನಾನು ತುಂಬಾ ದಿನದಿಂದ ಯೋಚನೆ ಮಾಡುತ್ತಿದ್ದೇನೆ.

ಲಿಸ್ಟ್ ತಪ್ಪಿಲ್ಲ. ಅದರಲ್ಲಿ ಎಲ್ಲಾ ಇದೆ. ಆದರೆ ಯಾವುದು ಯಾಕೆ ಮೊದಲು ಅನ್ನುವುದು ಮಾತ್ರ ಇಲ್ಲ. ಯಾಕೆ ಅಂತ ಗೊತ್ತಿಲ್ಲದವರು ಟ್ರೇಲರ್ ನಿಲ್ಲಿಸುವ ಸೈಟ್ ಸ್ವಲ್ಪ ಇಳಿಜಾರಾಗಿದ್ದರೆ ಸಾಕು, ನಲ್ಲಿ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಸಾಕು, ಕೈಯಲ್ಲಿ ಲಿಸ್ಟ್ ಹಿಡಿದುಕೊಂಡೇ ನಿಂತುಬಿಡುತ್ತಾರೆ. ನನಗೆ ವಿಚಿತ್ರ ಅನ್ನಿಸುವುದು ಏನಂದರೆ, ಈ ಯಾಕೆಗಳೆಲ್ಲ ನಮಗೆ ಹೊಸದೇ ಅಲ್ಲ. ಮೋಟರ್ ಹಾಕಿ ಸಿಂಟೆಕ್ಸ್ ಟ್ಯಾಂಕ್ ತುಂಬಿಸಿದವರು ನಾವು. ಸಿಲಿಂಡರ್ ಖಾಲಿಯಾದಾಗ ರೆಗ್ಯುಲೇಟರ್ ಬಿಚ್ಚಿ ಇನ್ನೊಂದಕ್ಕೆ ಹಾಕಿದವರು. ವೋಲ್ಟೇಜ್ ಇಲ್ಲ, ಫ್ರಿಜ್ ಆಫ್ ಮಾಡು ಅಂತ ಕೂಗಿದವರು. ಅಮೆರಿಕಕ್ಕೆ ಬಂದಮೇಲೆ ಗೋಡೆಯೊಳಗಿಂದ ನೀರು ಬರುತ್ತೆ, ಗೋಡೆಯೊಳಗೆ ಹೋಗುತ್ತೆ. ಅಷ್ಟು ವರ್ಷದ ಅಭ್ಯಾಸ ಹಾಗೇ ತುಕ್ಕು ಹಿಡಿದುಬಿಟ್ಟಿದೆ. ಇದು ನನಗೆ ಸರಿಯಾಗಿ ಕಂಡಿದ್ದು ಬೇಸಿಗೆಗೆ ಅಂತ ನಮ್ಮ ಮಾವ ಇಲ್ಲಿಗೆ ಬಂದಾಗ.

ಮಾವ ತಿಪಟೂರಿನವರು. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ಅದು ಆಮೇಲೆ ಕೆಪಿಟಿಸಿಎಲ್ ಆಯ್ತು, ಬೆಸ್ಕಾಂ ಆಯ್ತು, ಅವರ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿನೇ. ಅದೇ ಬೇಸಿಗೆಯಲ್ಲಿ ನಮ್ಮ ಗೆಳತಿಯ ಮನೆಯವರು ಮೊದಲ ಟ್ರೇಲರ್ ಕೊಂಡರು.

ಕೊಳ್ಳುವ ಮುಂಚಿನ ಲೆಕ್ಕ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಕೊಂಡು ಆದವರಿಗೆ ಇದರಿಂದ ಉಪಯೋಗವಿಲ್ಲ, ಕೊಳ್ಳುವವರು ಹೇಳಿದರೂ ಕೇಳುವುದಿಲ್ಲ. 2021ರಲ್ಲಿ ಇಲ್ಲಿನ ಕಂಪನಿಗಳು 6 ಲಕ್ಷ ಆರ್‌ವಿಗಳನ್ನು, ಅಂದರೆ ಟ್ರೇಲರೂ ಸೇರಿ ಇಂಥ ಗಾಲಿ ಮನೆಗಳನ್ನು, ತಯಾರು ಮಾಡಿ ಕಳಿಸಿದವು, ಅದಕ್ಕೆ ಮೊದಲು ಯಾವ ವರ್ಷವೂ ಅಷ್ಟು ಹೋಗಿರಲಿಲ್ಲ. ಕೋವಿಡ್ ಕಾಲ, ವಿಮಾನ ಬೇಡ, ಹೋಟೆಲ್ ಬೇಡ, ಎಲ್ಲರಿಗೂ ಟ್ರೇಲರ್ ಬೇಕು. ಆಗ ಕೊಂಡವರಲ್ಲಿ ಎಷ್ಟೋ ಜನ ಸಾಕಾಗಿ ಮಾರಿದರು. ಹಾಗಾಗಿ ಈಗ ಹೊಸಬರ ಕೈಗೆ ಬರುವುದರಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿಗಳು ಸಾಕಷ್ಟು. ಗಾಡಿ ಚೆನ್ನಾಗಿಯೇ ಇರುತ್ತೆ, ಮ್ಯಾನ್ಯುಯಲ್ ಇರಲ್ಲ. ಟೈರ್ ಹೊಸದರ ಹಾಗೆ ಕಾಣುತ್ತೆ, ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿದರೆ 2319 ಅಂತ ಇರುತ್ತೆ. ಅಂದರೆ 2019ರ 23ನೇ ವಾರ. ಟ್ರೇಲರ್ ಟೈರ್ ಸವೆದು ಹೋಗುವುದಕ್ಕಿಂತ ನಿಂತಲ್ಲೇ ವಯಸ್ಸಾಗಿ ಒಡೆಯುವುದು ಜಾಸ್ತಿ. ಐದಾರು ವರ್ಷ ಆಗಿದ್ದರೆ ಚರ್ಚೆ ಬೇಡ, ಬದಲಾಯಿಸಿ.

ಇನ್ನು ತೂಕ. "ನಿಮ್ಮ ಟ್ರಕ್ 9,000 ಪೌಂಡ್ ಎಳೆಯುತ್ತೆ" ಅನ್ನುತ್ತಾರೆ ಮಾರುವವರು. ಸುಳ್ಳಲ್ಲ, ಆದರೆ ಮೊದಲು ಕೈಕೊಡುವುದು ಅದಲ್ಲ. ಡ್ರೈವರ್ ಬಾಗಿಲು ತೆಗೆದರೆ ಒಂದು ಹಳದಿ ಬಿಳಿ ಸ್ಟಿಕ್ಕರ್ ಇರುತ್ತೆ. ಜನ, ಸಾಮಾನು ಎಲ್ಲಾ ಸೇರಿ ಇಷ್ಟು ಪೌಂಡಿಗಿಂತ ಜಾಸ್ತಿ ಆಗಬಾರದು ಅಂತ. ಗೆಳತಿಯ ಮನೆಯವರು ಮೊದಲು ಆಸೆಪಟ್ಟ ಟ್ರೇಲರಿನ ತುಂಬಿದ ತೂಕ 6,500 ಪೌಂಡ್. ಅದರಲ್ಲಿ ನೂರಕ್ಕೆ 10ರಿಂದ 15 ಭಾಗ ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸುವ ಹಿಚ್ ಮೇಲೆ, ಅಂದರೆ ಟ್ರಕ್ಕಿನ ಬೆನ್ನಮೇಲೆ ಕೂರಬೇಕು. ಕಮ್ಮಿ ಕೂತರೆ ಟ್ರೇಲರ್ ರಸ್ತೆಯಲ್ಲಿ ಬಾಲ ಅಲ್ಲಾಡಿಸುತ್ತೆ. 13 ಅಂತ ಇಟ್ಟುಕೊಳ್ಳಿ, 845 ಪೌಂಡ್ ಆಯ್ತು. ಹಿಚ್ಚಿನ ತೂಕ ಒಂದು 80. ಗಂಡ, ಹೆಂಡತಿ, ಇಬ್ಬರು ಮಕ್ಕಳು 580. ಕೂಲರ್, ಸೈಕಲ್, ಅಕ್ಕಿ, ಬೇಳೆ, ಕುಕ್ಕರ್, ಮಸಾಲೆ ಡಬ್ಬಿ 150. ಒಟ್ಟು 1,655. ಅವರ ಸ್ಟಿಕ್ಕರಿನಲ್ಲಿ ಇದ್ದದ್ದು 1,480. 9,000 ಎಳೆಯುವ ಟ್ರಕ್ಕು 6,500ಕ್ಕೇ ಮುಗಿಯಿತು. ಗಂಡ ಹೆಂಡತಿ ಎರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದು, ಆಮೇಲೆ 22 ಅಡಿಯ ಚಿಕ್ಕದನ್ನು ಕೊಂಡರು. ಬುದ್ಧಿವಂತರು.

ಮೀಟರ್ ಇಟ್ಟು ನೋಡಿದಾಗ

ಹೊರಡುವ ಮುಂಚೆ ಟ್ರೇಲರಿನ ಫ್ರಿಜ್ ತಣ್ಣಗಾಗಲಿ, ಬ್ಯಾಟರಿ ಚಾರ್ಜ್ ಆಗಲಿ ಅಂತ ಅವರು ಮನೆಯ ಗ್ಯಾರೇಜ್ ಪಕ್ಕದಲ್ಲಿ 30 ಆಂಪ್ಸ್ ಸಾಕೆಟ್ ಹಾಕಿಸಿದ್ದರು. ಎಲೆಕ್ಟ್ರಿಷಿಯನ್ ಬಂದು ನೀಟಾಗಿ ಪೈಪ್ ಎಳೆದು, ಡಬ್ಬಿ ಕೂರಿಸಿ ಹೋಗಿದ್ದ. ನಾವು ಊಟಕ್ಕೆ ಹೋಗಿದ್ದೆವು. ಊಟ ಆಯ್ತು, ಎಲ್ಲರೂ ಹೊರಗೆ ಬಂದರು, ಗೆಳತಿಯ ಗಂಡ ದಪ್ಪ ಕೇಬಲ್ ಹೊತ್ತು ತಂದು ಪ್ಲಗ್ ಸಾಕೆಟ್ಟಿಗೆ ಹಿಡಿದಿದ್ದರು. ಮಾವ ಕೇಳಿದರು, "ವೋಲ್ಟೇಜ್ ನೋಡಿದ್ರೇನಪ್ಪ?"

"ಹೊಸದು ಅಂಕಲ್, ನಿನ್ನೆ ತಾನೇ ಹಾಕಿಸಿದ್ದು."

"ಹೊಸದಾದ್ರೆ ಇನ್ನೂ ನೋಡ್ಬೇಕು."

ಗ್ಯಾರೇಜಿನಲ್ಲಿ ಒಂದು ಹಳೇ ಮಲ್ಟಿಮೀಟರ್ ಇತ್ತು. ಮಾವ ಕನ್ನಡಕ ಏರಿಸಿಕೊಂಡು, ಡಯಲ್ಲನ್ನು ಎಸಿ ವೋಲ್ಟೇಜ್ ಕಡೆ ತಿರುಗಿಸಿ, ಓರೆಯಾಗಿರುವ ಎರಡು ಸೀಳಿಗೆ ಎರಡು ಕಡ್ಡಿ ಹಾಕಿದರು. ಮೀಟರ್ 241 ತೋರಿಸಿತು. ಅವರು ಮೊದಲು ಏನೂ ಅನ್ನಲಿಲ್ಲ, ಯಾಕಂದರೆ ತಿಪಟೂರಿನಲ್ಲಿ ಅದು ಸರಿಯಾದ ವೋಲ್ಟೇಜೇ. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲಿ ನೂರಿಪ್ಪತ್ತಲ್ವೇನಮ್ಮ?" ಅಂದರು. ಗೆಳತಿಯ ಗಂಡ ಪ್ಲಗ್ಗನ್ನು ಹಾಗೇ ಮೆತ್ತಗೆ ನೆಲದ ಮೇಲಿಟ್ಟರು.

ಆಗಿದ್ದು ಇಷ್ಟು. ಇಲ್ಲಿ ಮನೆಗೆ 120 ವೋಲ್ಟಿನ ಎರಡು ಫೇಸ್ ತಂತಿ ಬರುತ್ತದೆ. ಒಂದು ಫೇಸ್ ಮತ್ತೆ ನ್ಯೂಟ್ರಲ್ ತಗೊಂಡರೆ 120. ಎರಡೂ ಫೇಸ್ ತಗೊಂಡರೆ 240. ಬಟ್ಟೆ ಒಣಗಿಸುವ ಡ್ರೈಯರಿಗೆ ಕೊಡುವುದು ಈ 240ನ್ನೇ, ಅದೂ 30 ಆಂಪ್ಸ್. ಟ್ರೇಲರಿನದೂ 30 ಆಂಪ್ಸ್, ಸಾಕೆಟ್ಟಿಗೂ ಮೂರೇ ತೂತು. ಆರ್‌ವಿ ಕೆಲಸ ಮಾಡಿ ಗೊತ್ತಿಲ್ಲದ ಎಲೆಕ್ಟ್ರಿಷಿಯನ್‌ಗೆ 30 ಆಂಪ್ಸ್ ಅಂದರೆ ಕೈ ತಾನಾಗಿ ಡ್ರೈಯರ್ ಕಡೆ ಹೋಗುತ್ತೆ, ಎರಡು ಫೇಸಿನ ಬ್ರೇಕರ್ ಹಾಕಿಬಿಡುತ್ತಾನೆ. ಇದು ಇವರೊಬ್ಬರ ಮನೆಯಲ್ಲಿ ಆಗಿದ್ದಲ್ಲ, ಈ ಟ್ರೇಲರ್ ಲೋಕದಲ್ಲಿ ಎಲ್ಲರೂ ಎಚ್ಚರಿಸುವ ಎಡವಟ್ಟು. ಪ್ಲಗ್ ಹಾಕಿದ್ದರೆ ಮೈಕ್ರೋವೇವ್, ಕನ್ವರ್ಟರ್, ಫ್ರಿಜ್ಜಿನ ಬೋರ್ಡ್, ಎಲ್ಲಾ ಒಂದೇ ಏಟಿಗೆ ಹೊಗೆ. ಮಾರನೇ ದಿನ ಅದೇ ಎಲೆಕ್ಟ್ರಿಷಿಯನ್ ಬಂದು ಒಂದೇ ಫೇಸಿನ ಬ್ರೇಕರ್ ಹಾಕಿ, ಬಿಳಿ ತಂತಿಯನ್ನು ನ್ಯೂಟ್ರಲ್ ಪಟ್ಟಿಗೆ ಸೇರಿಸಿ ಹೋದ. ಅರ್ಧ ಗಂಟೆ ಕೆಲಸ.

ಕ್ಯಾಂಪ್‌ಗ್ರೌಂಡಿನಲ್ಲೂ ಇದೇ ಕತೆ, ಆದರೆ ಅಲ್ಲಿ ತೊಂದರೆ ಜಾಸ್ತಿ ವೋಲ್ಟೇಜಿನದಲ್ಲ, ಕಮ್ಮಿ ವೋಲ್ಟೇಜಿನದು. ಜುಲೈ ಮಧ್ಯಾಹ್ನ, ಎಲ್ಲಾ ಸೈಟ್ ಭರ್ತಿ, ಎಲ್ಲರ ಎಸಿಯೂ ಓಡುತ್ತಿದೆ, ಕರೆಂಟಿನ ಕಂಬದಲ್ಲಿ 120 ಇರಬೇಕಾದದ್ದು ಇಳಿಯುತ್ತಾ ಬರುತ್ತೆ. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಕಂಬಕ್ಕೂ ಕೇಬಲ್ಲಿಗೂ ನಡುವೆ ಹಾಕಿದ್ದರೆ 104ರ ಹತ್ತಿರಕ್ಕೆ ಇಳಿದಾಗ ತಾನೇ ಕಟ್ ಮಾಡುತ್ತೆ. ಇದಕ್ಕೆ ನೂರಾರು ಡಾಲರ್ ಆಗುತ್ತೆ, ಹೊಸಬರಿಗೆ ದಂಡ ಅನ್ನಿಸುತ್ತೆ. ಮಾವನಿಗೆ ನಾನು ಇದನ್ನು ವಿವರಿಸಬೇಕಾಗಲಿಲ್ಲ. ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಓಡಿಸಿ ಕಾಯಿಲ್ ಸುಟ್ಟುಕೊಂಡ ಎಷ್ಟು ತೆಂಗಿನ ತೋಟದವರನ್ನು ಅವರು ನೋಡಿಲ್ಲ! ಎಸಿಯೊಳಗೆ ಇರುವುದೂ ಮೋಟರೇ ಅಲ್ವಾ.

ಇನ್ನೊಂದು ಲೆಕ್ಕ ಮನಸ್ಸಿನಲ್ಲಿರಲಿ. 30 ಆಂಪ್ಸ್ ಇಂಟು 120, ಒಟ್ಟು 3,600 ವ್ಯಾಟ್. ಎಸಿಗೆ ಸುಮಾರು 1,500, ನೀರು ಕಾಯಿಸುವ ಕಾಯಿಲಿಗೆ ಹತ್ತಿರಹತ್ತಿರ 1,400. ಅದರ ಮೇಲೆ ಇಂಡಕ್ಷನ್ ಒಲೆಯಲ್ಲಿ ಕಾಫಿ ಅಂದರೆ ಬ್ರೇಕರ್ ಬೀಳುತ್ತೆ. ಗೀಸರ್ ಹಾಕಿದಾಗ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡ ಅಂತ ಅಮ್ಮ ಹೇಳುತ್ತಿದ್ದ ಕಾಲ ಮತ್ತೆ ಬಂತು ಅಂತ ತಿಳಿಯಿರಿ.

ಗಾಲಿಗೆ ಕಲ್ಲು

ಗೆಳತಿಯ ಮನೆಯವರ ಮೊದಲ ಪ್ರಯಾಣ ಮಸ್ಕೀಗನ್ ಹತ್ತಿರದ ಹಾಫ್‌ಮಾಸ್ಟರ್ ಸ್ಟೇಟ್ ಪಾರ್ಕಿಗೆ. ಮಿಷಿಗನ್ ಸರೋವರದ ದಡ, ಮರಳು ದಿಬ್ಬ, ಅದರ ಹಿಂದೆ ದಟ್ಟ ಕಾಡು. ಕ್ಯಾಂಪ್‌ಗ್ರೌಂಡ್ ಇರುವುದು ಆ ಮರಗಳ ನಡುವೆ. ನೋಡುವುದಕ್ಕೆ ಚೆಂದ, ಟ್ರೇಲರ್ ಹಿಂದಕ್ಕೆ ಹಾಕುವುದಕ್ಕೆ ಕಷ್ಟ. ನಾವು ಪಕ್ಕದ ಸೈಟ್ ತಗೊಂಡಿದ್ದೆವು.

ರಿವರ್ಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಓದಿ ಬರುವ ವಿದ್ಯೆಯಲ್ಲ. ಸ್ಟೀರಿಂಗಿನ ಕೆಳಭಾಗ ಹಿಡಿದುಕೊಳ್ಳಿ, ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ, ಸ್ವಲ್ಪ ಸ್ವಲ್ಪವೇ. ಹಿಂದೆ ನಿಂತು ಹೇಳುವವರು ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ದಯವಿಟ್ಟು "ರೈಟ್ ರೈಟ್" ಅಂತ ಕೂಗಬೇಡಿ, ಅದು ಕೆಎಸ್‌ಆರ್‌ಟಿಸಿ ಕಂಡಕ್ಟರ್ ಅಭ್ಯಾಸ, ಓಡಿಸುವವರಿಗೆ ಬಲಕ್ಕೆ ಅಂತ ಕೇಳಿಸುತ್ತೆ. ಗೆಳತಿ ಚೆನ್ನಾಗಿಯೇ ಹೇಳಿದಳು, ಅವರು ಚೆನ್ನಾಗಿಯೇ ಹಾಕಿದರು. ಒಂದು ಓಕ್ ಮರ ಪಾರಾಯಿತು.

ಗಾಡಿ ನಿಂತ ತಕ್ಷಣ ಗೆಳತಿಯ ಗಂಡ ಖುಷಿಯಲ್ಲಿ ಇಳಿದು ಬಂದು ಟ್ರೇಲರನ್ನು ಟ್ರಕ್ಕಿಗೆ ಕಚ್ಚಿ ಹಿಡಿಸುವ ಕಪ್ಲರಿನ ಲಾಚ್ ಎತ್ತಲು ಕೈ ಹಾಕಿದರು. ಮನೆ ಬಂತು, ಎತ್ತು ಬಿಚ್ಚೋಣ ಅನ್ನುವ ಭಾವ. ಮಡಚುವ ಕುರ್ಚಿಯಲ್ಲಿ ಕೂತಿದ್ದ ಮಾವ ಅಲ್ಲಿಂದಲೇ ಕೇಳಿದರು, "ಗಾಲಿಗೆ ಕಲ್ಲು ಕೊಟ್ಟಿದ್ದೀರೇನಪ್ಪ?"

ಲಾರಿಯವರ ಮಾತು. ಇಲ್ಲಿ ಅದಕ್ಕೆ ಹಳದಿ ಪ್ಲಾಸ್ಟಿಕ್ಕಿನ ಚಾಕ್ ಸಿಗುತ್ತೆ, ಕೆಲಸ ಅದೇ. ಲಿಸ್ಟಿನಲ್ಲೂ ಅದು ಇದೆ, "ಚಾಕ್ ಇಡಿ" ಅಂತ. ಆದರೆ ಯಾಕೆ ಬಿಚ್ಚುವ ಮೊದಲೇ ಇಡಬೇಕು? ಟ್ರೇಲರಿಗೆ ಬ್ರೇಕ್ ಇದೆ, ಅದು ಕರೆಂಟಿನ ಬ್ರೇಕ್. ಟ್ರಕ್ಕಿನಿಂದ ಏಳು ಪಿನ್ನಿನ ತಂತಿಯಲ್ಲಿ ಕರೆಂಟ್ ಬಂದಾಗ ಹಿಡಿಯುತ್ತೆ. ಹ್ಯಾಂಡ್ ಬ್ರೇಕ್ ಅನ್ನುವುದೇ ಇಲ್ಲ. ಅಂದಮೇಲೆ ಟ್ರಕ್ಕಿನಿಂದ ಬಿಚ್ಚಿದ ಕ್ಷಣದಿಂದ ಆ 5,000 ಪೌಂಡಿನ ಟ್ರೇಲರನ್ನು ಹಿಡಿದು ನಿಲ್ಲಿಸುವುದು ಗಾಲಿ ಕೆಳಗೆ ನೀವು ಇಟ್ಟಿದ್ದು ಮಾತ್ರ. ಕಾಲು ಊರುವ ಸ್ಟೆಬಿಲೈಸರ್ ಜಾಕ್‌ಗಳು ಇದಕ್ಕಲ್ಲ, ಅವು ಒಳಗೆ ನಡೆದಾಡಿದಾಗ ಅಲುಗಾಡದಿರಲಿ ಅಂತ. ಗಾಡಿ ಎತ್ತುವುದಕ್ಕೂ ಅವಲ್ಲ. ಎಷ್ಟೋ ಜನ ಅದನ್ನೇ ತಿರುಗಿಸಿ ತಿರುಗಿಸಿ ಲೆವೆಲ್ ಮಾಡಲು ಹೋಗಿ ಚಾಸಿ ಬಗ್ಗಿಸಿಕೊಂಡಿದ್ದಾರೆ.

ಆದರೆ ಚಾಕ್‌ಗೂ ಮೊದಲು ಇನ್ನೊಂದು ಇದೆ. ನಾನು ಟ್ರೇಲರಿನ ಮುಂದೆ ಅಂಟಿಸಿದ್ದ ಪುಟ್ಟ ರಸಮಟ್ಟ ನೋಡಿದೆ. ಗಾರೆ ಕೆಲಸದವರು ಇಟ್ಟುಕೊಳ್ಳುತ್ತಾರಲ್ಲ, ಅದರ ಮರಿ. ಗುಳ್ಳೆ ಬಾಗಿಲಿನ ಕಡೆ ಓಡಿ ಕೂತಿತ್ತು. ಅಂದರೆ ಬಾಗಿಲಿನ ಕಡೆ ಎತ್ತರ, ಡ್ರೈವರ್ ಕಡೆ ತಗ್ಗು. ತಗ್ಗಿನ ಕಡೆಯ ಎರಡು ಗಾಲಿಗೂ ಹಲಗೆ ಹಾಕಿ ಮೇಲೆ ಹತ್ತಿಸಬೇಕು, ಹತ್ತಿಸಬೇಕು ಅಂದರೆ ಟ್ರಕ್ ಎಳೆಯಬೇಕು ಅಥವಾ ತಳ್ಳಬೇಕು. ಬಿಚ್ಚಿದಮೇಲೆ ತಳ್ಳುವವರು ಯಾರು? ಹಾಗಾಗಿ ಅಡ್ಡಡ್ಡ ಲೆವೆಲ್ ಬಿಚ್ಚುವ ಮೊದಲು. ಉದ್ದುದ್ದ ಲೆವೆಲ್ ಬಿಚ್ಚಿದಮೇಲೆ, ಯಾಕಂದರೆ ಅದನ್ನು ಮಾಡುವುದು ಮುಂದಿನ ಜಾಕ್, ಟ್ರಕ್ ಕಚ್ಚಿಕೊಂಡಿದ್ದರೆ ಜಾಕಿನಿಂದ ಮೂತಿಯನ್ನು ಬೇಕಾದಷ್ಟು ಎತ್ತಿ ಇಳಿಸಲು ಆಗಲ್ಲ. ಇಷ್ಟು ತಲೆಗೆ ಹೋದರೆ ಲಿಸ್ಟಿನ ಅರ್ಧ ಪುಟ ಬೇಕಾಗಿಲ್ಲ. ಅಡ್ಡ ಲೆವೆಲ್, ಚಾಕ್, ಬಿಚ್ಚು, ಉದ್ದ ಲೆವೆಲ್, ಕಾಲು. ಬೇರೆ ಥರ ಮಾಡಲು ಸಾಧ್ಯವೇ ಇಲ್ಲ ಅಂತ ನಿಮಗೇ ಗೊತ್ತಾಗುತ್ತೆ.

ಅವರು ಮತ್ತೆ ಟ್ರಕ್ ಹತ್ತಿ, ಎರಡು ಹಲಗೆ ಮೇಲೆ ಹತ್ತಿಸಿದರು. ಗುಳ್ಳೆ ನಡುವಿಗೆ ಬಂತು, ಒಂದು ಕೂದಲೆಳೆ ಆಚೆ. ಮಾವ ಎದ್ದು ಹೋಗಿ ಒಳಗೆ ಅಡುಗೆ ಕಟ್ಟೆಯ ಮೇಲೆ ಒಂದು ಲೋಟದಲ್ಲಿ ನೀರಿಟ್ಟು ನೋಡಿ, "ನಡೀತದೆ" ಅಂದರು.

ಲೆವೆಲ್ ಯಾಕೆ ಬೇಕು, ಸುಮ್ನೆ ಮಲಗುವುದಕ್ಕಾ ಅಂತ ಕೇಳುವವರಿದ್ದಾರೆ. ಮಲಗುವುದಕ್ಕೂ ಹೌದು. ಅದಕ್ಕಿಂತ ಮುಖ್ಯ, ಹಳೆಯ ಥರದ ಗ್ಯಾಸ್ ಫ್ರಿಜ್ ಇದ್ದರೆ ಅದರೊಳಗೆ ಕಂಪ್ರೆಸರ್ ಇರಲ್ಲ, ಅಮೋನಿಯಾ ನೀರು ಬಿಸಿಯಾಗಿ ಮೇಲೆ ಹೋಗಿ ತಾನಾಗಿ ಕೆಳಗೆ ಇಳಿಯಬೇಕು. ಗಾಡಿ ವಾಲಿದ್ದರೆ ಅದು ಇಳಿಯದೆ ನಿಂತು, ಅತಿಯಾಗಿ ಕಾದು, ಫ್ರಿಜ್ ಖಾಯಂ ಆಗಿ ಕೆಡಬಹುದು. ಹೊಸ ಟ್ರೇಲರ್‌ಗಳಲ್ಲಿ ಬ್ಯಾಟರಿಯಲ್ಲಿ ಓಡುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಬರುತ್ತಿದೆ, ಅದಕ್ಕೆ ಇಷ್ಟು ತಕರಾರಿಲ್ಲ.

ಹಿಚ್ ಬಗ್ಗೆಯೂ ಎರಡು ಮಾತು. ಕಪ್ಲರ್ ಕಚ್ಚಿಕೊಳ್ಳುವ ಬಾಲ್ ಎರಡು ಅಳತೆಯಲ್ಲಿ ಜಾಸ್ತಿ ಬರುತ್ತೆ, 2 ಇಂಚು ಮತ್ತೆ 2 5/16 ಇಂಚು. ದೊಡ್ಡ ಕಪ್ಲರ್ ಸಣ್ಣ ಬಾಲಿನ ಮೇಲೆ ಕೂರುತ್ತೆ, ಕೂತಂತೆಯೇ ಕಾಣುತ್ತೆ, ರಸ್ತೆಯ ಮೊದಲ ಗುಂಡಿಗೆ ಹಾರಿ ಬರುತ್ತೆ. ಹಾಗಾಗಿ ಲಾಚ್ ಹಾಕಿದಮೇಲೆ ಜಾಕ್ ತಿರುಗಿಸಿ ಟ್ರೇಲರ್ ಮೂತಿಯನ್ನು ಎತ್ತಿ ನೋಡಿ. ಟ್ರಕ್ಕಿನ ಹಿಂಭಾಗವೂ ಅದರ ಜೊತೆ ಮೇಲೆ ಬಂದರೆ ಕಚ್ಚಿದೆ ಅಂತ ಅರ್ಥ. ಬರದಿದ್ದರೆ ಇಳಿಸಿ, ಮತ್ತೆ ಹಾಕಿ. ಕಣ್ಣಿಗಿಂತ ಇದನ್ನು ನಂಬಬಹುದು.

ಮಾತಾಡಿಸುವವರು

ಇದು ಯಾವ ಲಿಸ್ಟಿನಲ್ಲೂ ಇಲ್ಲ, ಆದರೆ ನನ್ನ ಪ್ರಕಾರ ಅನಾಹುತಗಳಿಗೆ ದೊಡ್ಡ ಕಾರಣ ಇದೇ. ನೀವು ಹಿಚ್ ಮುಂದೆ ಮಂಡಿಯೂರಿ ಕೂತಿರುತ್ತೀರಿ, ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬರು ಹಿರಿಯರು ಬರುತ್ತಾರೆ. ಎಲ್ಲಿಂದ ಬಂದಿರಿ, ಇದು ಎಷ್ಟು ಅಡಿ, ನಮ್ಮದು ಹಿಂದಿನ ವರ್ಷ ಹೀಗಾಯ್ತು. ಒಳ್ಳೆಯವರು, ಸಹಾಯ ಮಾಡಲು ಬಂದವರು. ನಮಗೆ ಹಿರಿಯರು ಮಾತಾಡಿಸಿದರೆ ಕೆಲಸ ಬಿಟ್ಟು ಎದ್ದು ನಿಂತು ಮಾತಾಡುವುದು ಚಿಕ್ಕಂದಿನಿಂದ ಬಂದಿದೆ. ಹತ್ತು ನಿಮಿಷ ಮಾತಾಡಿ, ಕೈ ಬೀಸಿ, ಮತ್ತೆ ಕೂರುತ್ತೀರಿ. ಪಿನ್ ಹಾಕಿದ್ದೆನಾ? ಹಾಕಿದ ಹಾಗೇ ನೆನಪು. ಚೈನ್ ಅಡ್ಡ ಹಾಕಿ ಕೊಕ್ಕೆ ಸಿಕ್ಕಿಸಿದ್ದೆನಾ? ಸಿಕ್ಕಿಸಿರಬೇಕು. "ಇರಬೇಕು" ಅಂತ ಬಂದರೆ ಮುಗೀತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಬಂದರೆ ಒಬ್ಬರು ಎದ್ದು ಹೋಗಿ ಮಾತಾಡುತ್ತಾರೆ, ಇನ್ನೊಬ್ಬರು ತಲೆ ಎತ್ತುವುದಿಲ್ಲ. ಸಾಮಾನ್ಯವಾಗಿ ಮಾತಾಡುವ ಕೆಲಸ ನನ್ನ ಗಂಡನದು, ಅವನಿಗೆ ಅದು ಇಷ್ಟ. ಇಬ್ಬರನ್ನೂ ಮಾತಿಗೆ ಎಳೆದರೆ ಆಮೇಲೆ ಬಾಲ್‌ನಿಂದ ಶುರುಮಾಡಿ ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ. ಮುಟ್ಟುವುದು ಮುಖ್ಯ, ನೋಡಿದರೆ ಸಾಲದು.

ನೀರು, ಗ್ಯಾಸು

ಮಿಷಿಗನ್ ಸ್ಟೇಟ್ ಪಾರ್ಕುಗಳಲ್ಲಿ ಬಹಳಷ್ಟು ಸೈಟುಗಳಿಗೆ ಕರೆಂಟ್ ಮಾತ್ರ ಇರುತ್ತೆ, ನಲ್ಲಿ ಇರಲ್ಲ. ಒಳಗೆ ಬರುವಾಗಲೇ ಒಂದು ಕಡೆ ನಿಲ್ಲಿಸಿ ಟ್ಯಾಂಕ್ ತುಂಬಿಕೊಳ್ಳಬೇಕು. ಗೆಳತಿಗೆ ಲಿಸ್ಟಿನ "ನೀರಿನ ಪೈಪ್ ಜೋಡಿಸಿ, ಪ್ರೆಷರ್ ರೆಗ್ಯುಲೇಟರ್ ಮರೆಯಬೇಡಿ" ಅನ್ನುವ ಸಾಲು ನೋಡಿ ಗಾಬರಿ. ಜೋಡಿಸುವುದು ಎಲ್ಲಿಗೆ? ನಾನು ಹೇಳಿದ್ದು ಇಷ್ಟೇ: ನಲ್ಲಿಗೆ ನೇರ ಜೋಡಿಸಿದರೆ ಅದು ಊರಿನ ಕಾರ್ಪೊರೇಷನ್ ನೀರು, ಪ್ರೆಷರ್ ಅದರದ್ದೇ, ಅದಕ್ಕೇ ಪೈಪ್ ಒಡೆಯದ ಹಾಗೆ ರೆಗ್ಯುಲೇಟರ್. ಟ್ಯಾಂಕ್ ತುಂಬಿಸಿಕೊಂಡರೆ ಅದು ಸಂಪ್, ಪ್ರೆಷರ್ ಬರಬೇಕಂದರೆ ಮೋಟರ್ ಹಾಕು. ಅವಳು ಒಳಗೆ ಹೋಗಿ ಪಂಪ್ ಸ್ವಿಚ್ ಒತ್ತಿದಳು, ಗರ್ರ್ ಅಂತು, ನಲ್ಲಿಯಲ್ಲಿ ಮೊದಲು ಗಾಳಿ, ಕೆಮ್ಮಿದಂತೆ ನೀರು, ಆಮೇಲೆ ಧಾರೆ.

"ಬಿಸಿನೀರಿನ ಸ್ವಿಚ್ ಹಾಕ್ಲಾ?" ಅಂದಳು. ಇದು ನಿಂತು ಯೋಚಿಸಬೇಕಾದ ಜಾಗ. ಹೀಟರಿನಲ್ಲಿ 6 ಗ್ಯಾಲನ್ನಿನ ತೊಟ್ಟಿ, ಅದರೊಳಗೆ ಕಾಯಿಲ್. ತೊಟ್ಟಿ ಖಾಲಿ ಇದ್ದಾಗ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗಲು ಒಂದು ನಿಮಿಷ ಬೇಕಾಗಿಲ್ಲ. ಬಿಸಿನೀರಿನ ನಲ್ಲಿಯನ್ನೇ ತಿರುಗಿಸಿ, ಗಾಳಿ ಎಲ್ಲಾ ಹೋಗಿ ನೀರು ಒಂದೇ ಸಮ ಬಂದಮೇಲೆ ಸ್ವಿಚ್. ಹಿಂದಿನ ಚಳಿಗಾಲದಲ್ಲಿ ಹೀಟರಿಗೆ ನೀರು ಹೋಗದ ಹಾಗೆ ಬೈಪಾಸ್ ಮಾಡಿಟ್ಟ ವಾಲ್ವ್ ಹಾಗೇ ಇದ್ದರೆ ಬಿಸಿ ನಲ್ಲಿಯಲ್ಲೂ ನೀರು ಬರುತ್ತೆ, ತೊಟ್ಟಿ ಮಾತ್ರ ಖಾಲಿ. ಸೆಕೆಂಡ್‌ಹ್ಯಾಂಡ್ ಕೊಂಡವರು ಇದನ್ನು ಹೀಟರ್ ಹಿಂದೆ ಬಗ್ಗಿ ಕಣ್ಣಾರೆ ನೋಡಲೇಬೇಕು.

ಗ್ಯಾಸಿನ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡುವುದೇ ಬೇಡ. ಮುಂದೆ 20 ಪೌಂಡಿನ ಎರಡು ಸಿಲಿಂಡರ್, ಒಂದು ಮುಗಿದರೆ ಇನ್ನೊಂದು. ಮಾವ ಅದನ್ನು ತಟ್ಟಿ ನೋಡಿ, ಸೋಪಿನ ನೀರು ಕೇಳಿ, ಜಾಯಿಂಟಿಗೆ ಹಚ್ಚಿ ಗುಳ್ಳೆ ಬರುತ್ತಾ ನೋಡಿದರು. ಒಂದೇ ವ್ಯತ್ಯಾಸ, ವಾಲ್ವನ್ನು ಇಲ್ಲಿ ನಿಧಾನಕ್ಕೆ ತಿರುಗಿಸಬೇಕು. ರಪ್ಪಂತ ತೆಗೆದರೆ ಎಲ್ಲೋ ಪೈಪ್ ಒಡೆದಿದೆ ಅಂತ ತಿಳಿದು ಒಳಗಿನ ಸೇಫ್ಟಿ ಗ್ಯಾಸನ್ನು ತಡೆದುಬಿಡುತ್ತೆ, ಒಲೆ ಸಣ್ಣಗೆ ಉರಿಯುತ್ತೆ. ಗ್ಯಾಸ್ ಅಲಾರಂ ನೆಲದ ಹತ್ತಿರ ಯಾಕಿದೆ ಅಂತ ಗೆಳತಿಯ ಮಗ ಕೇಳಿದ. ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ. ಆ ಸಂಜೆ ಅದೇ ಒಲೆಯಲ್ಲಿ ಚಿತ್ರಾನ್ನ ಆಯ್ತು.

ಕೊನೇ ದಿನದ ಸಾಲು

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಗಲೀಜು ನೀರು ಸುರಿಯುವ ಡಂಪ್ ಸ್ಟೇಷನ್ ಮುಂದೆ ಸಾಲು. ಕಕ್ಕಸಿನ ಟ್ಯಾಂಕ್ ಬೇರೆ, ಅಡುಗೆ ಸ್ನಾನದ ನೀರಿನ ಟ್ಯಾಂಕ್ ಬೇರೆ. ಮೊದಲು ಕಕ್ಕಸಿನದು, ಆಮೇಲೆ ಸೋಪಿನ ನೀರು, ಅದು ಪೈಪನ್ನು ತೊಳೆದುಕೊಂಡು ಹೋಗುತ್ತೆ. ಚರಂಡಿ ಜೋಡಣೆ ಇರುವ ಸೈಟ್ ಸಿಕ್ಕಿದರೂ ಕಕ್ಕಸಿನ ವಾಲ್ವ್ ತೆಗೆದಿಡಬೇಡಿ, ನೀರು ಹರಿದುಹೋಗಿ ಉಳಿದದ್ದು ಗಟ್ಟಿಯಾಗಿ ಗುಡ್ಡೆ ಬೀಳುತ್ತೆ. ತುಂಬಲಿ, ಆಮೇಲೆ ಒಮ್ಮೆಗೇ ಬಿಡಿ.

ನಮ್ಮವರು ಟ್ರೇಲರ್ ಬೇಡ ಅನ್ನಲು ಹೇಳುವ ಕಾರಣಗಳಲ್ಲಿ ಇದು ಮೊದಲನೆಯದು. ಬಾಯಿಬಿಟ್ಟು ಹೇಳಲ್ಲ, ಮೂಗು ಮುರಿಯುತ್ತಾರೆ. ಗೆಳತಿಯ ಗಂಡನೂ ಗ್ಲೌಸ್ ಹಾಕಿಕೊಂಡು ಮುಖ ಆ ಕಡೆ ತಿರುಗಿಸಿಕೊಂಡಿದ್ದರು. ನಮ್ಮ ಮುಂದೆ ಇದ್ದ ಹೆಂಗಸು ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಡಾಕ್ಟರ್ ಅಂತ ಹಿಂದಿನ ದಿನ ಪರಿಚಯವಾಗಿತ್ತು. ಅವರು ಪೈಪ್ ಹಾಕಿದರು, ವಾಲ್ವ್ ಎಳೆದರು, ತೊಳೆದರು, ಕೈ ತೊಳೆದುಕೊಂಡು ಹೊರಟರು. ಮಾವ ನೋಡುತ್ತಾ ನಿಂತಿದ್ದರು. "ಬಸವಲಿಂಗಪ್ಪನೋರು ಮಂತ್ರಿ ಆಗಿದ್ದಾಗ ತಲೆ ಮೇಲೆ ಮಲ ಹೊರೋದು ನಿಲ್ಸಿದ್ರು" ಅಂದರು. ಎಪ್ಪತ್ತರ ದಶಕದ ಮಾತು, ದೇವರಾಜ ಅರಸರ ಕಾಲ. ಅದಕ್ಕೂ ಮೊದಲು ಮಾವನ ಬೀದಿಯ ಹಿಂದಿನ ಓಣಿಯಲ್ಲಿ ಬೆಳಗ್ಗೆ ಬರುತ್ತಿದ್ದವರನ್ನು ಅವರು ನೋಡಿದ್ದಾರೆ. ಆ ಜನಕ್ಕೆ ನೀರನ್ನು ಮೇಲಿಂದ ಹುಯ್ಯುತ್ತಿದ್ದರು ಅಂತ ಹೇಳಿ, "ಗುಂಡಿ ತುಂಬಿದ್ರೆ ಈಗ್ಲೂ ಅದೇ ಜನಾನೇ ಕರೆಯೋದು" ಅಂದರು. ಯಾರೂ ಮಾತಾಡಲಿಲ್ಲ, ನಮ್ಮ ಸರದಿ ಬಂತು. ಮಾವ ನನ್ನ ಗಂಡನ ಕೈಯಿಂದ ಗ್ಲೌಸ್ ಇಸ್ಕೊಂಡು ಪೈಪಿನ ತುದಿಯನ್ನು ತೂತಿಗೆ ಒತ್ತಿ ಹಿಡಿದರು. ನಡುವೆ ಮೊಣಕೈ ಥರ ಬಾಗಿದ ಒಂದು ಪಾರದರ್ಶಕ ತುಂಡು ಇರುತ್ತೆ, ಟ್ಯಾಂಕ್ ಖಾಲಿ ಆಯ್ತಾ ಅಂತ ಗೊತ್ತಾಗಲು. "ಇದನ್ನ ಗಾಜಿನ ಥರ ಯಾಕೆ ಮಾಡಿದ್ರೋ, ನೋಡ್ಲೇಬೇಕಾ?" ಅಂತ ಬೈದುಕೊಂಡೇ ಕೊನೆಯವರೆಗೂ ಹಿಡಿದಿದ್ದರು. ಟ್ರೇಲರ್ ಬೇಡ ಅನ್ನುವವರ ಹತ್ತಿರ ನಾನು ಈಚೆಗೆ ವಾದ ಮಾಡಲ್ಲ, ಈ ಸಾಲಿನಲ್ಲಿ ಒಮ್ಮೆ ನಿಂತು ನೋಡಿ ಬನ್ನಿ ಅನ್ನುತ್ತೇನೆ.

ಮಾವ ಊರಿಗೆ ಹೋದರು. ಗೆಳತಿಯ ಮನೆಯವರು ಆಮೇಲೆ ತಾವೇ ಹೋಗಿ ಬರುತ್ತಿದ್ದಾರೆ, "ಆದ್ರೂ" ಫೋನ್ ಕಮ್ಮಿಯಾಗಿದೆ. ಈಗ ಅಕ್ಟೋಬರ್ ಹತ್ತಿರ ಬಂತು, ಇಲ್ಲಿ ನೀರು ಪೈಪಿನೊಳಗೇ ಹೆಪ್ಪುಗಟ್ಟುವ ಮೊದಲು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸಬೇಕು. ಗೆಳತಿ ಅದಕ್ಕೂ ಒಂದು ಲಿಸ್ಟ್ ಕೇಳಿದ್ದಾಳೆ. ಈ ಸಲ ನಾನು ಕಳಿಸಿಲ್ಲ. ಹೀಟರ್ ತೊಟ್ಟಿ ಖಾಲಿ ಮಾಡಿ ಬೈಪಾಸ್ ತಿರುಗಿಸೋದು ಮೊದಲಾ, ಆಂಟಿಫ್ರೀಜ್ ಮೊದಲಾ, ನೀನೇ ಹೇಳು ಅಂತ ವಾಪಸ್ ಕೇಳಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು: "ಬೈಪಾಸ್. ಇಲ್ಲಾಂದ್ರೆ ಸುಮ್ನೆ ಆರು ಗ್ಯಾಲನ್ ದಂಡ. ಸಿಂಕ್ ಕೆಳಗಿನ ಬಾಗುಪೈಪಿಗೂ ಸ್ವಲ್ಪ ಹುಯ್ಬೇಕು ತಾನೇ?"

ಹುಯ್ಯಬೇಕು. ಅದನ್ನು ನಾನು ಲಿಸ್ಟಿನಲ್ಲಿ ಬರೆದೇ ಇರಲಿಲ್ಲ.